ಫೋನಿನಲ್ಲಿ ಕ್ಯಾನ್ಸರ್ ಡಾಕ್ಟರು: ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಆಯಿಗೆ, ಅಂದರೆ ಅಮ್ಮನಿಗೆ, ಸ್ತನ ಕ್ಯಾನ್ಸರ್ ಅಂತ ಗೊತ್ತಾದಾಗ ನಾವಿದ್ದದ್ದು ಶಿರಸಿ ಹತ್ತಿರದ ಹಳ್ಳಿಯಲ್ಲಿ. ಆಸ್ಪತ್ರೆ ಇದ್ದದ್ದು ಬೆಂಗಳೂರಿನಲ್ಲಿ. ನಡುವೆ ಸುಮಾರು 400 ಕಿಲೋಮೀಟರು, ಒಂದು ರಾತ್ರಿಯ ಬಸ್ಸು. ಮೊದಲ ಆರು ತಿಂಗಳು ಸಣ್ಣದು ದೊಡ್ಡದು ಅನ್ನದೆ ಎಲ್ಲದಕ್ಕೂ ಬಸ್ಸು ಹತ್ತಿದೆವು. ಅದರಲ್ಲಿ ಅರ್ಧ ಓಡಾಟ ಬೇಕೇ ಇರಲಿಲ್ಲ ಅಂತ ಆಮೇಲೆ ತಿಳಿಯಿತು. ಇನ್ನೊಂದು ಸಲ ಹೊರಡಲೇಬೇಕಿದ್ದಾಗ ಫೋನು ಹಿಡಿದು ಕೂತೆವು. ಅದು ಇನ್ನೂ ದೊಡ್ಡ ತಪ್ಪು.

ಈಗ ಊರಲ್ಲಿ ಯಾರ ಮನೆಗೆ ಈ ಕಾಯಿಲೆ ಬಂದರೂ ನನಗೊಂದು ಫೋನ್ ಬರುತ್ತದೆ. ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಅದಕ್ಕೇ ಬರೆದಿಟ್ಟೆ. ನಾನು ಡಾಕ್ಟರಲ್ಲ, ಫೈಲು ಹೊತ್ತು ಓಡಾಡಿದವನು ಅಷ್ಟೇ.

ಫೋನಿನಲ್ಲಿ ಕ್ಯಾನ್ಸರ್ ಚಿಕಿತ್ಸೆ ಅಂದ್ರೆ ಏನು? ಕಿಮೋನೂ ಆನ್‌ಲೈನಾ?

ಅಲ್ಲ. ನರಕ್ಕೆ ಹಾಕುವ ಕಿಮೋ ಆಸ್ಪತ್ರೆಯಲ್ಲೇ ಹಾಕಬೇಕು, ಕರೆಂಟು (ರೇಡಿಯೇಷನ್) ಯಂತ್ರದ ಕೆಳಗೇ ಕೊಡಬೇಕು, ಆಪರೇಷನ್ ಟೇಬಲ್ ಮೇಲೇ ಆಗಬೇಕು. ಫೋನಿನ ಪಾಲಿಗೆ ಬರುವುದು ಇವುಗಳ ನಡುವಿನ ದಿನಗಳು. 21 ದಿನಕ್ಕೊಂದು ಕಿಮೋ ಅಂದರೆ ಆಸ್ಪತ್ರೆಯಲ್ಲಿ ಒಂದು ದಿನ, ಮನೆಯಲ್ಲಿ 20 ದಿನ. ವಾಂತಿ, ಬಾಯಿಹುಣ್ಣು, ಭೇದಿ, ಜ್ವರ, ಹೆದರಿಕೆ ಎಲ್ಲಾ ಬರುವುದು ಆ 20 ದಿನದಲ್ಲೇ. ಆ ದಿನಗಳಲ್ಲಿ ಡಾಕ್ಟರ ಕೈಗೆ ಸಿಗುವ ದಾರಿ ಇದು.

ಕೊರೊನಾ ಬಂದ ಮೇಲೆ ಇದು ಶುರುವಾಯಿತು ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಇಸ್ರೋ ಉಪಗ್ರಹದ ಮೂಲಕ ದೂರದ ಆಸ್ಪತ್ರೆಗಳನ್ನು ಜೋಡಿಸಲು ಹೊರಟದ್ದು 2001ರಲ್ಲೇ. ನಮ್ಮ ರಾಜ್ಯದಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಸೇರಿಸಿದ್ದರು. ಅದು ಹೃದಯದ ಕಾಯಿಲೆಗೆ. ಆಗ ದೊಡ್ಡ ಡಿಶ್ ಆಂಟೆನಾ ಬೇಕಿತ್ತು, ಈಗ ಜೇಬಿನ ಫೋನು ಸಾಕು.

ಯಾವುದಕ್ಕೆ ಕಾಲ್ ಸಾಕು, ಯಾವುದಕ್ಕೆ ಬಸ್ಸು ಹತ್ತಲೇಬೇಕು?

ನಿಜವಾದ ಪ್ರಶ್ನೆ ಇದೇ. ಉಳಿದದ್ದೆಲ್ಲ ಇದರ ಬಾಲ.

ಕಾಲ್ ಸಾಕಾಗುವುದು: ಊರಿನ ಲ್ಯಾಬಿನಲ್ಲಿ ಮಾಡಿಸಿದ ರಕ್ತದ ರಿಪೋರ್ಟ್ ತೋರಿಸಿ ಮುಂದಿನ ಕಿಮೋಗೆ ಬರಬಹುದಾ ಅಂತ ಕೇಳೋದು. ಇದೊಂದೇ ನಮಗೆ ಎಷ್ಟೋ ಬಸ್ ಚಾರ್ಜು ಉಳಿಸಿತು. ಮೊದಲು ನಾವು ಬೆಂಗಳೂರಿಗೆ ಹೋಗಿ, ರಕ್ತ ಕೊಟ್ಟು, ಮಧ್ಯಾಹ್ನದವರೆಗೆ ಕಾದು, ‘ಕೌಂಟ್ಸ್ (ರಕ್ತಕಣಗಳ ಲೆಕ್ಕ) ಕಮ್ಮಿ ಇದೆ, ಮುಂದಿನ ವಾರ ಬನ್ನಿ’ ಅನ್ನಿಸಿಕೊಂಡು ವಾಪಸ್ ಬರುತ್ತಿದ್ದೆವು. ಹಿಂದಿನ ದಿನ ಶಿರಸಿಯಲ್ಲೇ ರಕ್ತ ಕೊಟ್ಟು ರಿಪೋರ್ಟ್ ಕಳಿಸಿದ್ದರೆ ಮುಗಿಯುತ್ತಿತ್ತು. ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಹಾಗೆಯೇ ವಾಂತಿ, ಬಾಯಿಹುಣ್ಣು, ನಿದ್ದೆ, ಊಟದ ವಿಚಾರ, ಮಾತ್ರೆಯ ಗೊಂದಲ, ಆಪರೇಷನ್ ಗಾಯ ಒಣಗಿದೆಯಾ ಅಂತ ತೋರಿಸೋದು, ಚಿಕಿತ್ಸೆ ಮುಗಿದ ಮೇಲಿನ ಕೆಲವು ಫಾಲೋ ಅಪ್, ಇವೆಲ್ಲ ಕಾಲ್‌ನಲ್ಲಿ ಆಗುತ್ತವೆ.

ಹೋಗಲೇಬೇಕಾದದ್ದು: ಮೊದಲ ಭೇಟಿ, ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಪರೀಕ್ಷೆ ಮಾಡೋದು), ಆಪರೇಷನ್‌ಗೆ ಮುಂಚಿನ ತಪಾಸಣೆ, ಹೊಸದಾಗಿ ಕೈಗೆ ಸಿಕ್ಕ ಗಡ್ಡೆ. ಕೈಯಿಟ್ಟು ನೋಡಬೇಕಾದದ್ದನ್ನು ಕ್ಯಾಮೆರಾ ನೋಡಲಾರದು.

ಇನ್ನು ಕೆಲವಕ್ಕೆ ಬೆಂಗಳೂರಿನ ಬಸ್ಸೂ ಬೇಡ, ವಿಡಿಯೋ ಕಾಲೂ ಬೇಡ. ತಕ್ಷಣ ಹತ್ತಿರದ ದೊಡ್ಡ ಆಸ್ಪತ್ರೆ. ಕಿಮೋ ನಡೆಯುವಾಗ ಜ್ವರ. ಉಸಿರಾಟದ ತೊಂದರೆ. ನಿಲ್ಲದ ರಕ್ತಸ್ರಾವ. ಫಿಟ್ಸ್. ಒಂದೇ ಕಾಲು ದಪ್ಪಗೆ ಊದಿಕೊಳ್ಳೋದು. ಬೆನ್ನುನೋವಿನ ಜೊತೆ ಕಾಲಿನ ಶಕ್ತಿ ಕಮ್ಮಿಯಾಗೋದು ಅಥವಾ ಮೂತ್ರ ಕಟ್ಟೋದು. ಈ ಕೊನೆಯದನ್ನು ‘ವಯಸ್ಸಾಯ್ತು, ಸೊಂಟನೋವು’ ಅಂತ ಎಣ್ಣೆ ಹಚ್ಚಿ ಮಲಗಿಸುತ್ತಾರೆ. ಗಡ್ಡೆ ಬೆನ್ನುಹುರಿಯನ್ನು ಒತ್ತುತ್ತಿದ್ದರೆ ಪ್ರತಿ ಗಂಟೆಯೂ ಲೆಕ್ಕಕ್ಕೆ ಬರುತ್ತದೆ, ತಡವಾದರೆ ಕಾಲು ಮತ್ತೆ ಎದ್ದು ನಿಲ್ಲದೇ ಹೋಗಬಹುದು. 108ಕ್ಕೆ ಫೋನ್ ಮಾಡಿ.

ರಾತ್ರಿ ಜ್ವರ ಬಂದಿದೆ. ಬೆಳಗ್ಗೆ ಡಾಕ್ಟರಿಗೆ ಮೆಸೇಜ್ ಹಾಕಿದರೆ ಸಾಕಾ?

ಸಾಕಾಗುವುದಿಲ್ಲ. ನಾವು ಮಾಡಿದ ತಪ್ಪು ಇದೇ.

ಎರಡನೇ ಕಿಮೋ ಆಗಿ ಹತ್ತನೇ ದಿನ. ರಾತ್ರಿ ಹತ್ತು ಗಂಟೆಗೆ ಆಯಿಗೆ ಚಳಿ ಶುರುವಾಯಿತು. ಥರ್ಮಾಮೀಟರಿನಲ್ಲಿ 101. ಆಸ್ಪತ್ರೆಯ ವಾಟ್ಸಾಪ್ ನಂಬರಿಗೆ ಮೆಸೇಜ್ ಹಾಕಿದೆ. ಒಂದೇ ಟಿಕ್. ಒಂದು ಪ್ಯಾರಾಸಿಟಮಾಲ್ ಕೊಟ್ಟು, ಜ್ವರ ಇಳಿಯಿತಲ್ಲ ಅಂತ ಮಲಗಿದೆವು. ಬೆಳಗ್ಗೆ ಏಳಿಸಿದರೆ ಆಯಿ ಮಾತು ತೊದಲುತ್ತಿದ್ದಳು. ಅಲ್ಲಿಂದ ಐಸಿಯು, ಐದು ದಿನ. ಆ ನಂಬರು ಅಪಾಯಿಂಟ್‌ಮೆಂಟಿಗೆ ಮಾತ್ರ, ರಾತ್ರಿ ಯಾರೂ ನೋಡುವುದಿಲ್ಲ ಅಂತ ಆಮೇಲೆ ಹೇಳಿದರು. ಮುಂಚೆ ಹೇಳಬಹುದಿತ್ತು ಅನ್ನುವ ಸಿಟ್ಟು ನನಗೆ ಇನ್ನೂ ಇದೆ.

ಕಿಮೋ ಆದ ಮೇಲೆ ಸಾಮಾನ್ಯವಾಗಿ 7ರಿಂದ 14ನೇ ದಿನದ ನಡುವೆ ಬಿಳಿ ರಕ್ತಕಣ ತೀರಾ ಕೆಳಗೆ ಇಳಿದಿರುತ್ತದೆ. ಸೋಂಕು ತಡೆಯುವ ಸೈನ್ಯವೇ ಇಲ್ಲದ ಹೊತ್ತು ಅದು. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಅದನ್ನು ತುರ್ತು ಅಂತಲೇ ನೋಡಬೇಕು. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ನರಕ್ಕೆ ಆಂಟಿಬಯೋಟಿಕ್ ಹೋಗಬೇಕು ಅನ್ನುವುದು ಡಾಕ್ಟರುಗಳ ಲೆಕ್ಕ. ಕೇಳದೆ ಪ್ಯಾರಾಸಿಟಮಾಲ್ ಕೊಟ್ಟರೆ ಜ್ವರ ಮುಚ್ಚಿಹೋಗುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ. ಕೆಲವರಿಗೆ ಜ್ವರವೇ ಬರದೆ ಬರೀ ಚಳಿ ನಡುಕ ಬರಬಹುದು, ಅದೂ ಅಷ್ಟೇ ಗಂಭೀರ.

ಹಾಗಾದರೆ ಫೋನಿನ ಉಪಯೋಗ ಏನು? ಹತ್ತಿರದ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಹೋಗಿ, ‘ಕಿಮೋ ನಡೀತಾ ಇದೆ, ಇವತ್ತಿಗೆ ಹತ್ತನೇ ದಿನ’ ಅಂತ ಮೊದಲ ವಾಕ್ಯದಲ್ಲೇ ಹೇಳಿ. ಆಮೇಲೆ ಅಲ್ಲಿನ ಡ್ಯೂಟಿ ಡಾಕ್ಟರನ್ನೂ ನಿಮ್ಮ ಕ್ಯಾನ್ಸರ್ ಆಸ್ಪತ್ರೆಯ ಡ್ಯೂಟಿ ಡಾಕ್ಟರನ್ನೂ ಫೋನಿನಲ್ಲಿ ಮಾತಾಡಿಸಿ. ಅದಕ್ಕೆ ರಾತ್ರಿ ಎತ್ತುವ ನಂಬರು ಬೇಕು. ಮೊದಲ ಕಿಮೋ ದಿನವೇ ಸಿಸ್ಟರ್ ಹತ್ತಿರ ಕೇಳಿ, ‘ರಾತ್ರಿ ಎರಡು ಗಂಟೆಗೆ ಯಾರು ಎತ್ತುತ್ತಾರೆ?’ ಅಂತ ಹೀಗೇ ಕೇಳಿ. ಕೊಟ್ಟ ನಂಬರಿಗೆ ಒಂದು ರಾತ್ರಿ ಸುಮ್ನೆ ಫೋನ್ ಮಾಡಿ ನೋಡಿದರೂ ತಪ್ಪಿಲ್ಲ.

ಕಾನೂನಿಗೆ ಇದು ಸರಿಯಾ? ವಾಟ್ಸಾಪ್‌ನಲ್ಲಿ ಬಂದ ಚೀಟಿಗೆ ಔಷಧಿ ಕೊಡ್ತಾರಾ?

ಸರಿ. 2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ನೋಂದಾಯಿತ ಡಾಕ್ಟರು ವಿಡಿಯೋ, ಫೋನು, ಮೆಸೇಜು ಯಾವುದರಲ್ಲಾದರೂ ರೋಗಿಯನ್ನು ನೋಡಬಹುದು. ಚೀಟಿಯಲ್ಲಿ ಅವರ ನೋಂದಣಿ ಸಂಖ್ಯೆ ಇರಬೇಕು. ಸಹಿ ಮಾಡಿದ ಚೀಟಿಯ ಫೋಟೋ ಕಳಿಸಿದರೂ ಅದು ಚೀಟಿಯೇ. ಒಂದು ಸಲ ಎದುರಿಗೆ ನೋಡಿದ ಡಾಕ್ಟರನ್ನೇ ಅದೇ ಕಾಯಿಲೆಗೆ ಆರು ತಿಂಗಳೊಳಗೆ ಮಾತಾಡಿಸಿದರೆ ಅದು ಫಾಲೋ ಅಪ್ ಅನ್ನಿಸಿಕೊಳ್ಳುತ್ತದೆ. ಆಗ ಔಷಧಿ ಬರೆಯುವುದಕ್ಕೆ ಅವರಿಗೆ ಜಾಸ್ತಿ ಅವಕಾಶ ಇದೆ. ಕ್ಯಾನ್ಸರ್‌ನಲ್ಲಿ ಎದುರಿನ ಭೇಟಿ ಮೊದಲು, ಕಾಲ್ ಆಮೇಲೆ ಅನ್ನುವುದಕ್ಕೆ ಇದೂ ಒಂದು ಕಾರಣ.

ಒಂದು ಮಿತಿ ನೆನಪಿರಲಿ. ಫೋನಿನಲ್ಲಿ ಬರೆಯಬಾರದ ಔಷಧಿಗಳ ಪಟ್ಟಿ ಒಂದಿದೆ. ಅದರಲ್ಲಿ ಉದಾಹರಣೆಗೆ ಅಂತ ಕೊಟ್ಟಿರುವುದೇ ಕ್ಯಾನ್ಸರ್ ಔಷಧಿಗಳು ಮತ್ತು ಮಾರ್ಫಿನ್, ಕೊಡೀನ್‌ನಂಥ ನೋವಿನ ಔಷಧಿಗಳು. ಹಾಗಾಗಿ ವಾಂತಿ ಮಾತ್ರೆ, ಬಾಯಿಹುಣ್ಣಿನ ಔಷಧಿ ಫೋನಿನಲ್ಲಿ ಸಿಗುತ್ತದೆ. ಕಿಮೋ ಮಾತ್ರೆ ಬರೆಸಿಕೊಳ್ಳಲು ಹೋಗಲೇಬೇಕು. ‘ಡಾಕ್ಟ್ರೇ, ಒಂದು ಫೋಟೋ ಹಾಕಿಬಿಡಿ’ ಅಂತ ಗೋಗರೆದರೆ ಅವರನ್ನು ಕಷ್ಟಕ್ಕೆ ಸಿಕ್ಕಿಸಿದ ಹಾಗೆ.

ಹಾಗಾದರೆ ನೋವಿನ ಮಾರ್ಫಿನ್ ಮುಗಿದರೆ?

ಮುಗಿಯೋಕೆ ಬಿಡಬೇಡಿ. ಮಾತ್ರೆ ಎಣಿಸಿ, ಒಂದು ವಾರದ್ದು ಉಳಿದಿರುವಾಗಲೇ ಹೊರಡಿ. 2014ರಲ್ಲಿ ಮಾದಕವಸ್ತು ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದು ಮೊದಲಿಗಿಂತ ಸುಲಭವಾಗಿದೆ. ನಿಮಗೆ ಹತ್ತಿರ ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ನೋವು ಎಷ್ಟಿದೆ, ಮಲಬದ್ಧತೆ ಇದೆಯಾ, ಮಂಪರು ಜಾಸ್ತಿಯಾ, ಇದನ್ನೆಲ್ಲ ಫೋನಿನಲ್ಲಿ ಮಾತಾಡಬಹುದು.

ವಿಡಿಯೋ ಕಾಲ್‌ಗೆ ಮುಂಚೆ ಏನು ರೆಡಿ ಮಾಡಿಕೊಳ್ಳಬೇಕು?

ಹತ್ತು ನಿಮಿಷದ ಕಾಲ್ ಅಂದುಕೊಳ್ಳಿ. ಅದರಲ್ಲಿ ಆರು ನಿಮಿಷ ‘ಆ ರಿಪೋರ್ಟ್ ಎಲ್ಲಿಟ್ಟೆ’ ಅಂತ ಹುಡುಕೋದರಲ್ಲಿ ಹೋಗುತ್ತದೆ. ನಮ್ಮನೆಯಲ್ಲಿ ಪ್ರತಿ ಸಲ ಹೋಗುತ್ತಿತ್ತು.

ಒಂದು ಹಾಳೆಯಲ್ಲಿ ಇಷ್ಟು ಬರೆದಿಡಿ: ಯಾವ ಕ್ಯಾನ್ಸರ್, ಯಾವ ಸ್ಟೇಜ್, ಯಾವ ತಾರೀಕಿಗೆ ಏನು ಚಿಕಿತ್ಸೆ ಆಯಿತು, ಕಿಮೋ ಔಷಧಿಯ ಹೆಸರು, ಇವತ್ತಿಗೆ ಎಷ್ಟನೇ ದಿನ, ಬಿಪಿ ಶುಗರ್ ಮಾತ್ರೆ ಏನಿದೆ, ಯಾವ ಔಷಧಿಗೆ ಅಲರ್ಜಿ. ಇದನ್ನು ಫೋಟೋ ತೆಗೆದು ಮನೆಯ ಎಲ್ಲರ ಫೋನಿನಲ್ಲೂ ಇಡಿ. ಜ್ವರದ ರಾತ್ರಿಯಲ್ಲಿ ಕೆಲಸಕ್ಕೆ ಬರುವುದೂ ಇದೇ ಹಾಳೆ.

ಕಾಲ್‌ನ ದಿನ ಬೆಳಗ್ಗೆ ತೂಕ ನೋಡಿ. ಕಿಮೋ ಪ್ರಮಾಣವನ್ನು ಬಹಳ ಸಲ ಎತ್ತರ, ತೂಕದ ಮೇಲೆ ಲೆಕ್ಕ ಹಾಕುತ್ತಾರೆ, ಹಾಗಾಗಿ ಮೂರು ಕೆಜಿ ಇಳಿದಿದ್ದರೆ ಅದು ಅವರಿಗೆ ದೊಡ್ಡ ಸುದ್ದಿ. ಜ್ವರ, ಬಿಪಿ ನೋಡಿ ಬರೆದಿಡಿ. ಮಾತ್ರೆಗಳನ್ನು ಚೀಟಿಯ ಪ್ರಕಾರ ಓದಿ ಹೇಳಬೇಡಿ. ಸ್ಟ್ರಿಪ್‌ಗಳನ್ನೇ ತಟ್ಟೆಯಲ್ಲಿಟ್ಟು ಕ್ಯಾಮೆರಾಗೆ ತೋರಿಸಿ. ಆಯಿ ನುಂಗುತ್ತಿದ್ದದ್ದು ಚೀಟಿಯಲ್ಲಿ ಇಲ್ಲದ ಒಂದು ಹಳೇ ಗ್ಯಾಸ್ ಮಾತ್ರೆ ಅಂತ ಗೊತ್ತಾದದ್ದು ಹಾಗೆಯೇ. ಪಕ್ಕದ ಮನೆಯವರು ಕೊಟ್ಟ ಕಷಾಯ ಕುಡಿಯುತ್ತಿದ್ದರೆ ಅದನ್ನೂ ಹೇಳಿ. ಬೈಸಿಕೊಂಡರೂ ಪರವಾಗಿಲ್ಲ.

ಬೆಳಕು ರೋಗಿಯ ಮುಖದ ಮೇಲೆ ಬೀಳಬೇಕು, ಬೆನ್ನಿಗಲ್ಲ. ಜಗಲಿ ಒಳ್ಳೆಯದು. ಬಾಯಿಹುಣ್ಣು, ಗಾಯ, ಪೋರ್ಟ್ (ಕಿಮೋ ಏರಿಸಲು ಚರ್ಮದ ಕೆಳಗೆ ಕೂರಿಸುವ ಸಾಧನ) ಹಾಕಿದ ಜಾಗದ ಕೆಂಪು ತೋರಿಸಬೇಕಾದರೆ ಮೊದಲೇ ಹಗಲು ಬೆಳಕಲ್ಲಿ ಫೋಟೋ ತೆಗೆದು ಕಳಿಸಿ, ವಿಡಿಯೋದಲ್ಲಿ ಬಣ್ಣ ಸರಿಯಾಗಿ ಕಾಣೋದಿಲ್ಲ. ಪ್ರಶ್ನೆ ಮೂರೇ ಇರಲಿ. ಮೊದಲು ದೊಡ್ಡದು ಕೇಳಿ. ನಾವು ‘ಮೊಸರು ತಿನ್ನಬಹುದಾ’ ಅಂತ ಶುರುಮಾಡಿ, ಕೈ ಮರಗಟ್ಟೋದನ್ನು ಹೇಳುವಷ್ಟರಲ್ಲಿ ಕಾಲ್ ಮುಗಿದಿತ್ತು.

ಕೊನೆಯಲ್ಲಿ ಡಾಕ್ಟರು ಹೇಳಿದ್ದನ್ನು ತಿರುಗಿ ಹೇಳಿ. ‘ಅಂದ್ರೆ ಈ ಮಾತ್ರೆ ನಿಲ್ಲಿಸೋದು, ಗುರುವಾರ ರಕ್ತ ಕೊಡೋದು, ಸರಿ ಅಲ್ವಾ ಡಾಕ್ಟ್ರೇ?’ ಅಂತ.

ಸ್ಕ್ಯಾನ್ ಫಿಲ್ಮ್ ಕಿಟಕಿಗೆ ಹಿಡಿದು ಫೋಟೋ ಹೊಡೆದು ಕಳಿಸಿದರೆ ಆಗಲ್ವಾ?

ಆಗೋದಿಲ್ಲ. ಸಿಟಿ, ಎಂಆರ್‌ಐ, ಪೆಟ್ ಸ್ಕ್ಯಾನ್ ಅಂದರೆ ನೂರಾರು ಚಿತ್ರಗಳ ಕಂತೆ. ಫಿಲ್ಮ್‌ನಲ್ಲಿ ಇರುವುದು ಆರಿಸಿದ ಕೆಲವು ಮಾತ್ರ. ಡಾಕ್ಟರು ಕಂಪ್ಯೂಟರಿನಲ್ಲಿ ಮೇಲೆ ಕೆಳಗೆ ಸರಿಸಿ ನೋಡಬೇಕು. ಅದಕ್ಕೆ ಡೈಕಾಮ್ ಅನ್ನುವ ಫೈಲು ಬೇಕು. ಸ್ಕ್ಯಾನಿಂಗ್ ಸೆಂಟರಿನವರು ಸಿಡಿಯಲ್ಲೋ ಲಿಂಕ್‌ನಲ್ಲೋ ಕೊಡುತ್ತಾರೆ, ಕೇಳಿ ತೆಗೆದುಕೊಳ್ಳಿ. ಲಿಂಕ್ ಕೆಲವು ದಿನಕ್ಕೆ ಸತ್ತುಹೋಗಬಹುದು, ಬಂದ ದಿನವೇ ಇಳಿಸಿಕೊಳ್ಳಿ. ಬರಹದ ರಿಪೋರ್ಟ್‌ಗೆ ಫೋಟೋ ಪರವಾಗಿಲ್ಲ. ಆದರೆ ನೆರಳು ಬೀಳದ ಹಾಗೆ, ಎಲ್ಲಾ ಪುಟ, ತಾರೀಕು ಕಾಣುವ ಹಾಗೆ ಇರಲಿ.

ಎರಡನೇ ಅಭಿಪ್ರಾಯ ಮನೆಯಿಂದಲೇ ಪಡೆಯಬಹುದಾ?

ಪಡೆಯಬಹುದು. ಕ್ಯಾನ್ಸರ್‌ನಲ್ಲಿ ಡಿಜಿಟಲ್ ದಾರಿ ಅತಿ ಹೆಚ್ಚು ಕೆಲಸಕ್ಕೆ ಬರುವ ಜಾಗಗಳಲ್ಲಿ ಇದೂ ಒಂದು ಅಂತ ನನಗನ್ನಿಸುತ್ತದೆ. ಯಾಕೆಂದರೆ ಇಲ್ಲಿ ಡಾಕ್ಟರಿಗೆ ಮುಖ್ಯವಾಗಿ ಬೇಕಿರುವುದು ಕಾಗದಪತ್ರ, ರೋಗಿಯ ಓಡಾಟ ಅಲ್ಲ.

ಮುಂಬೈನ ಟಾಟಾ ಮೆಮೋರಿಯಲ್ ಮುಂದಾಳತ್ವದಲ್ಲಿ 2012ರಲ್ಲಿ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಶುರುವಾಯಿತು. ದೇಶದ ನೂರಾರು ಕ್ಯಾನ್ಸರ್ ಕೇಂದ್ರಗಳು ಅದರಲ್ಲಿವೆ. ಕಷ್ಟದ ಕೇಸುಗಳನ್ನು ಬೇರೆ ಬೇರೆ ಊರಿನ ಡಾಕ್ಟರುಗಳು ವಿಡಿಯೋದಲ್ಲಿ ಕೂತು ಒಟ್ಟಿಗೆ ಚರ್ಚಿಸುತ್ತಾರೆ. ಟ್ಯೂಮರ್ ಬೋರ್ಡ್ ಅಂತಾರೆ ಅದಕ್ಕೆ. ಸರ್ಜನ್ನು, ಕಿಮೋ ಡಾಕ್ಟರು, ರೇಡಿಯೇಷನ್ ಡಾಕ್ಟರು ಒಂದೇ ಕಡೆ ಕೂತು ಯೋಚಿಸುವ ಸಭೆ. ‘ನಮ್ಮ ಕೇಸು ಟ್ಯೂಮರ್ ಬೋರ್ಡ್‌ಗೆ ಹೋಗಿತ್ತಾ?’ ಅಂತ ನಿಮ್ಮ ಆಸ್ಪತ್ರೆಯಲ್ಲಿ ಕೇಳುವುದು ನಿಮ್ಮ ಹಕ್ಕು. ಗ್ರಿಡ್ ಜೊತೆ ಸೇರಿ ನವ್ಯ ಅನ್ನುವ ಸೇವೆ ರೋಗಿಗಳ ರಿಪೋರ್ಟುಗಳನ್ನು ಆನ್‌ಲೈನಿನಲ್ಲಿ ತೆಗೆದುಕೊಂಡು ತಜ್ಞರ ಅಭಿಪ್ರಾಯ ಕೊಡಿಸುತ್ತದೆ.

ಒಂದು ವಿಷಯ ಮಾತ್ರ ಅಪ್‌ಲೋಡ್ ಆಗೋದಿಲ್ಲ. ಬಯಾಪ್ಸಿಯ ತುಂಡನ್ನು ಮೇಣದಲ್ಲಿ ಇಟ್ಟಿರುತ್ತಾರೆ, ಬ್ಲಾಕ್ ಅಂತಾರೆ. ಅದು ಮತ್ತು ಗಾಜಿನ ಸ್ಲೈಡ್ ಇಲ್ಲದೆ ಕೆಲವು ಸಲ ಎರಡನೇ ಅಭಿಪ್ರಾಯ ಪೂರ್ತಿ ಆಗುವುದಿಲ್ಲ. ಬಯಾಪ್ಸಿಯೇ ತಪ್ಪಾಗಿ ಓದಿದ್ದರೆ ಮುಂದಿನದೆಲ್ಲ ತಪ್ಪು, ಅಲ್ವಾ? ಲ್ಯಾಬಿಗೆ ಅರ್ಜಿ ಕೊಟ್ಟರೆ ಕೊಡುತ್ತಾರೆ. ರಸೀದಿ ಇಟ್ಟುಕೊಳ್ಳಿ.

ದಿನಾ ಲಕ್ಷಣ ಬರೆದಿಡಿ ಅಂತಾರೆ. ಅದರಿಂದ ನಿಜವಾಗಿ ಏನಾದರೂ ಆಗುತ್ತಾ?

ನಾನೂ ನಂಬಿರಲಿಲ್ಲ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಹರಡಿದ್ದ 766 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಇನ್ನೊಂದು ಗುಂಪಿನವರು ಅದರ ಜೊತೆಗೆ ವಾಂತಿ, ನೋವು, ಸುಸ್ತು, ಉಸಿರಾಟದಂಥ 12 ಲಕ್ಷಣಗಳನ್ನು ಕಂಪ್ಯೂಟರಿನಲ್ಲಿ ತಾವೇ ತುಂಬುತ್ತಿದ್ದರು. ಯಾವುದಾದರೂ ಜಾಸ್ತಿಯಾದರೆ ಸಿಸ್ಟರ್‌ಗೆ ಇಮೇಲ್ ಹೋಗುತ್ತಿತ್ತು, ಅವರು ಫೋನ್ ಮಾಡುತ್ತಿದ್ದರು. 2017ರಲ್ಲಿ ಫಲಿತಾಂಶ ಬಂತು. ಬದುಕಿದ ಅವಧಿಯ ಮಧ್ಯಮ ಲೆಕ್ಕ ಮಾಮೂಲಿ ಗುಂಪಿನಲ್ಲಿ 26 ತಿಂಗಳು, ಲಕ್ಷಣ ತುಂಬಿದ ಗುಂಪಿನಲ್ಲಿ 31.2 ತಿಂಗಳು. ಹೊಸ ಔಷಧಿ ಯಾವುದೂ ಇಲ್ಲ. ತೊಂದರೆ ಸಣ್ಣದಿರುವಾಗಲೇ ಯಾರೋ ಕೇಳಿಸಿಕೊಂಡರು.

ಆ ‘ಯಾರೋ’ ಇಲ್ಲದಿದ್ದರೆ ಆ್ಯಪ್ ಬರೀ ಡೈರಿ. ನಮ್ಮ ಅಮ್ಮಂದಿರು ‘ಪರವಾಗಿಲ್ಲ, ಆರಾಮಿದ್ದೇನೆ’ ಅನ್ನುವವರು. ಡಾಕ್ಟರ ಎದುರಿಗೆ ಕೂತಾಗಂತೂ ಎಲ್ಲಾ ಆರಾಮು. ಹಾಗಾಗಿ ಕ್ಯಾಲೆಂಡರಿನಲ್ಲಿ ಬರೆದರೂ ಸಾಕು. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ದಿನಕ್ಕೆ ಎಷ್ಟು ಸಲ ವಾಂತಿ, ಎಷ್ಟು ಇಡ್ಲಿ ಹೋಯಿತು ಅಂತ ಬರೆಯುತ್ತಿದ್ದೆವು. ಕಾಲ್‌ನ ದಿನ ಅದರ ಫೋಟೋ ಕಳಿಸುತ್ತಿದ್ದೆವು. ಡಾಕ್ಟರು ನಗುತ್ತಿದ್ದರು, ಆದರೆ ಪೂರ್ತಿ ಓದುತ್ತಿದ್ದರು.

ಮನೆಯಲ್ಲೇ ನುಂಗುವ ಕಿಮೋ ಮಾತ್ರೆಗೆ ಆ್ಯಪ್ ಬೇಕಾ?

ಫೋನಿನ ಅಲಾರಂ ಸಾಕು. ಆದರೆ ಮಾತ್ರೆ ಅಂದ ಕೂಡಲೇ ಹಗುರ ಅಂದುಕೊಳ್ಳಬೇಡಿ. ಕೆಪಿಸಿಟಾಬಿನ್‌ನಂಥ ಮಾತ್ರೆಯನ್ನು ಸಾಮಾನ್ಯವಾಗಿ ಎರಡು ವಾರ ನುಂಗಿ ಒಂದು ವಾರ ಬಿಡುತ್ತಾರೆ. ಬಿಡುವ ವಾರಕ್ಕೂ ಅಲಾರಂ ಇಡಿ, ಮರೆತು ನುಂಗುವವರು ಇದ್ದಾರೆ. ಅಂಗೈ ಅಂಗಾಲು ಕೆಂಪಾಗಿ ಸುಲಿಯುತ್ತಿದ್ದರೆ, ಭೇದಿ ಜಾಸ್ತಿಯಾದರೆ ಮುಂದಿನ ಡೋಸ್‌ಗೆ ಮುಂಚೆಯೇ ಫೋನ್ ಮಾಡಿ.

ಇ-ಸಂಜೀವನಿ ಕ್ಯಾನ್ಸರ್‌ಗೆ ಉಪಯೋಗಕ್ಕೆ ಬರುತ್ತಾ?

ಸ್ವಲ್ಪ ಮಟ್ಟಿಗೆ. ಇದು ಸರ್ಕಾರದ ಉಚಿತ ಟೆಲಿಮೆಡಿಸಿನ್ ಸೇವೆ, 2019ರಲ್ಲಿ ಶುರುವಾದದ್ದು. ಮನೆಯಿಂದಲೇ ಮಾತಾಡುವ ಓಪಿಡಿ 2020ರ ಏಪ್ರಿಲ್‌ನಲ್ಲಿ ಬಂತು. ಇಲ್ಲಿ ನಿಮ್ಮ ಕ್ಯಾನ್ಸರ್ ಡಾಕ್ಟರೇ ಸಿಗುತ್ತಾರೆ ಅಂತ ಕಾಯಬೇಡಿ. ಬಿಪಿ, ಶುಗರ್, ಕೆಮ್ಮಿಗೆ ಒಳ್ಳೆಯದು. ನಿಮ್ಮೂರಿನ ಆರೋಗ್ಯ ಕೇಂದ್ರದ ಸಿಬ್ಬಂದಿ ಅಲ್ಲಿಂದಲೇ ದೊಡ್ಡ ಡಾಕ್ಟರಿಗೆ ಕಾಲ್ ಹಾಕಿ ಕೊಡುತ್ತಾರೆ. ಫೋನ್ ಬಳಸಲು ಬಾರದವರಿಗೆ ಇದು ಸುಲಭ.

ಇನ್ನೊಂದು ಬದಲಾವಣೆ ಇದಕ್ಕಿಂತ ದೊಡ್ಡದು. 2025ರಲ್ಲಿ ರಾಜ್ಯ ಸರ್ಕಾರ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ (ಕಿಮೋ ಹಾಕಿಸಿಕೊಂಡು ಅದೇ ದಿನ ಮನೆಗೆ ಹೋಗುವ) ಕಿಮೋ ಕೇಂದ್ರ ತೆರೆಯಿತು. ಚಿಕಿತ್ಸೆ ಏನು ಅಂತ ದೊಡ್ಡ ಕ್ಯಾನ್ಸರ್ ಆಸ್ಪತ್ರೆ ಹೇಳುತ್ತದೆ, ಔಷಧಿ ನಿಮ್ಮ ಜಿಲ್ಲೆಯಲ್ಲೇ ಏರುತ್ತದೆ. ‘ಮುಂದಿನ ಕಿಮೋ ನಮ್ಮ ಜಿಲ್ಲೆಯಲ್ಲಿ ಆಗುತ್ತಾ?’ ಅಂತ ಪ್ರತಿ ಭೇಟಿಯಲ್ಲೂ ಕೇಳಿ. ಆಯಿಯ ಕಾಲಕ್ಕೆ ಇದು ಇರಲಿಲ್ಲ.

ಅಭಾ ಕಾರ್ಡ್ ಮಾಡಿಸಿದರೆ ಚಿಕಿತ್ಸೆ ಫ್ರೀ ಅಲ್ವಾ?

ಅಲ್ಲ. ಎರಡು ಕಾರ್ಡ್ ಕಲಸಿಹೋಗಿವೆ. ಅಭಾ ಅಂದರೆ 14 ಅಂಕಿಯ ಆರೋಗ್ಯ ಖಾತೆ ಸಂಖ್ಯೆ. ರಿಪೋರ್ಟುಗಳನ್ನು ಒಂದೇ ಕಡೆ ಜೋಡಿಸೋಕೆ. ಅದು ಒಂದು ಪೈಸೆಯೂ ಕೊಡುವುದಿಲ್ಲ. ಖರ್ಚು ಭರಿಸುವುದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಅವರನ್ನು ಹಿಡಿಯಿರಿ.

ಹಾಗಂತ ಅಭಾ ದಂಡ ಅಲ್ಲ. ಕೆಲವು ಆಸ್ಪತ್ರೆಗಳಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಓಪಿಡಿ ಚೀಟಿಯ ಸಾಲು ತಪ್ಪುತ್ತದೆ. ನಿಮ್ಮ ಒಪ್ಪಿಗೆ ಇಲ್ಲದೆ ರಿಪೋರ್ಟ್ ಇನ್ನೊಬ್ಬರಿಗೆ ಹೋಗಬಾರದು ಅನ್ನುವುದು ಅದರ ನಿಯಮ. ಆದರೂ ಪ್ಲಾಸ್ಟಿಕ್ ಕವರಿನ ಹಳೇ ಫೈಲು ಬಿಸಾಡಬೇಡಿ.

ಅಮ್ಮನಿಗೆ ಕ್ಯಾನ್ಸರ್ ಅಂತ ಹೇಳಿಲ್ಲ. ವಿಡಿಯೋ ಕಾಲ್‌ನಲ್ಲಿ ಡಾಕ್ಟರು ಬಾಯಿಬಿಟ್ಟರೆ?

ಕಾಲ್‌ಗಿಂತ ಮುಂಚೆ ‘ಸ್ವಲ್ಪ ಪಕ್ಕಕ್ಕೆ ಮಾತಾಡಬೇಕಿತ್ತು’ ಅನ್ನುವುದು ನಮ್ಮ ಕಡೆ ಎಲ್ಲಾ ಮನೆಯ ಕತೆ. ಓಪಿಡಿಯಲ್ಲಿ ಅಮ್ಮನನ್ನು ಹೊರಗೆ ಕೂರಿಸಬಹುದಿತ್ತು. ಕ್ಯಾಮೆರಾ ಮುಂದೆ ಆ ನಾಟಕ ನಡೆಯುವುದಿಲ್ಲ, ಅಮ್ಮ ಪಕ್ಕದಲ್ಲೇ ಇರುತ್ತಾಳೆ. ರೋಗಿ ಬಿಟ್ಟು ಮನೆಯವರೇ ಮಾತಾಡಬೇಕಾದರೆ ರೋಗಿಯ ಒಪ್ಪಿಗೆ ಬೇಕು ಅನ್ನುವುದು ಮಾರ್ಗಸೂಚಿಯ ಮಾತೂ ಹೌದು.

ನಾವು ಎರಡು ತಿಂಗಳು ‘ಗಂಟು’ ಅಂತಲೇ ಹೇಳಿದೆವು. ಒಂದು ದಿನ ಕಾಲ್‌ನಲ್ಲಿ ಡಾಕ್ಟರು ‘ಅಮ್ಮಾ, ನಿಮ್ಮ ಕಾಯಿಲೆ ಬಗ್ಗೆ ನಿಮಗೇನು ಗೊತ್ತು?’ ಅಂತ ಮೆಲ್ಲಗೆ ಕೇಳಿದರು. ಆಯಿ ನನ್ನ ಕಡೆ ತಿರುಗಿಯೂ ನೋಡದೆ, ‘ಕ್ಯಾನ್ಸರ್. ಮಕ್ಕಳಿಗೆ ಬೇಜಾರಾಗ್ತದೆ ಅಂತ ನಾನೇ ಸುಮ್ಮನಿದ್ದೆ’ ಅಂದಳು. ಆಯಿಗೆ ವಾರ್ಡಿನ ಬೋರ್ಡು ಓದಲು ಬರುತ್ತದೆ ಅನ್ನುವುದು ನಮಗೆ ಹೊಳೆದೇ ಇರಲಿಲ್ಲ. ನಿಮ್ಮ ಮನೆಯ ಲೆಕ್ಕ ನಿಮಗೆ ಗೊತ್ತು. ಆದರೆ ಕಾಲ್‌ಗೆ ಮೊದಲೇ ಆಸ್ಪತ್ರೆಗೆ ತಿಳಿಸಿ. ಹೇಳುವ ಕೆಲಸದಲ್ಲಿ ಅವರ ಸಹಾಯವನ್ನೇ ಕೇಳಿ.

ಮಗ ಅಮೆರಿಕದಲ್ಲಿದ್ದಾನೆ. ಅವನೂ ಕಾಲ್‌ಗೆ ಸೇರಬಹುದಾ? ಅಲ್ಲಿನ ಡಾಕ್ಟರನ್ನೂ ಕೇಳಬಹುದಾ?

ಸೇರಲಿ, ಒಳ್ಳೆಯದೇ. ಒಬ್ಬರೇ ಮಾತಾಡಿ ಅಂತ ಮೊದಲೇ ಒಪ್ಪಿಕೊಳ್ಳಿ. ಇಲ್ಲಿ ನೋಡಿಕೊಳ್ಳುವ ಸೊಸೆಗೆ ಮಾತಾಡಲು ಬಿಡದೆ ಅಲ್ಲಿಂದ ಮಗ ಹತ್ತು ಪ್ರಶ್ನೆ ಕೇಳುವುದನ್ನು ನೋಡಿದ್ದೇನೆ. ವಾಂತಿ ಬಳಿಯುವವಳಿಗೆ ಗೊತ್ತಿರುವುದು ಗೂಗಲ್ ಓದಿದವನಿಗೆ ಗೊತ್ತಿರುವುದಿಲ್ಲ.

ಅಲ್ಲಿನ ಡಾಕ್ಟರ ಮಾತು ಅಭಿಪ್ರಾಯ ಮಾತ್ರ. ಭಾರತದ ಮಾರ್ಗಸೂಚಿ ದೇಶದ ಹೊರಗಿನ ಸಮಾಲೋಚನೆಗೆ ಅನ್ವಯಿಸುವುದಿಲ್ಲ. ಅವರು ಹೇಳಿದ್ದನ್ನು ಇಲ್ಲಿನ ಡಾಕ್ಟರ ಮುಂದೆ ಪ್ರಶ್ನೆಯಾಗಿ ಇಡಿ.

ನಮ್ಮೂರಲ್ಲಿ ನೆಟ್‌ವರ್ಕೇ ಇಲ್ಲ. ಏನು ಮಾಡೋದು?

ನಮಗೂ ಇರಲಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ. ಕಿಮೋ ಮಾಡಿಸಿಕೊಂಡವಳನ್ನು ಸಿಗ್ನಲ್‌ಗಾಗಿ ಗುಡ್ಡ ಹತ್ತಿಸಿದ್ದು ಈಗ ನೆನೆದರೆ ನಾಚಿಕೆಯಾಗುತ್ತದೆ. ಮಾಮೂಲಿ ಫೋನ್ ಕಾಲೂ ಟೆಲಿಮೆಡಿಸಿನ್ನೇ. ಫೋಟೋಗಳನ್ನು ಪೇಟೆಗೆ ಹೋದಾಗ ಕಳಿಸಿ, ಮಾತು ಲ್ಯಾಂಡ್‌ಲೈನಿನಲ್ಲಿ ಆಡಿ. ಅದೂ ಆಗದಿದ್ದರೆ ಆರೋಗ್ಯ ಕೇಂದ್ರದಲ್ಲಿ ಕೂತು ಮಾತಾಡಿ. ಕಿಮೋದ ಆ ಕೆಟ್ಟ ವಾರದಲ್ಲಿ ಪೇಟೆಯ ನೆಂಟರ ಮನೆಯಲ್ಲಿ ಇರಿಸುವುದು ಇನ್ನೂ ಒಳ್ಳೆಯದು.

ವಾಟ್ಸಾಪ್‌ನಲ್ಲಿ ಲಕ್ಷ್ಮಣ ಫಲದ ಬಗ್ಗೆ ಬಂದಿದೆ. ಎಐ ಕೂಡ ಏನೇನೋ ಹೇಳುತ್ತದೆ. ನಂಬೋದಾ?

ಲಕ್ಷ್ಮಣ ಫಲ ಕಿಮೋಗಿಂತ ಸಾವಿರ ಪಟ್ಟು ಅನ್ನುವ ಫಾರ್ವರ್ಡ್ ನನಗೂ ಬಂದಿದೆ. ಲ್ಯಾಬಿನ ಬಟ್ಟಲಿನಲ್ಲಿ ಜೀವಕೋಶ ಸಾಯುವುದು ಬೇರೆ, ಮನುಷ್ಯನ ಕ್ಯಾನ್ಸರ್ ವಾಸಿಯಾಗುವುದು ಬೇರೆ. ಮನುಷ್ಯರಲ್ಲಿ ಅದು ಕ್ಯಾನ್ಸರ್ ಗುಣಪಡಿಸಿದ್ದಕ್ಕೆ ಪುರಾವೆ ಇಲ್ಲ. ಆ ನಂಬಿಕೆಯಲ್ಲಿ ಚಿಕಿತ್ಸೆ ಬಿಟ್ಟವರ ಮನೆಗೆ ನಾನು ಹೋಗಿ ಬಂದಿದ್ದೇನೆ.

ಎಐ ವಿಷಯದಲ್ಲಿ ನನ್ನ ಪದ್ಧತಿ ಹೀಗೆ. ರಿಪೋರ್ಟಿನ ಕಷ್ಟದ ಪದ ಕನ್ನಡದಲ್ಲಿ ತಿಳಿಯಲು, ಡಾಕ್ಟರಿಗೆ ಏನು ಕೇಳಬೇಕು ಅಂತ ಪಟ್ಟಿ ಮಾಡಲು ಬಳಸುತ್ತೇನೆ. ಡೋಸ್ ಕೇಳುವುದಿಲ್ಲ, ಎಷ್ಟು ದಿನ ಬದುಕುತ್ತಾರೆ ಅಂತ ಕೇಳುವುದಿಲ್ಲ. ರಿಪೋರ್ಟ್ ಹಾಕುವಾಗ ಹೆಸರು, ನಂಬರು ಅಳಿಸಿ. ಡಾಕ್ಟರುಗಳ ಕೈಯಲ್ಲಿ ಎಐ ಬೇರೆಯೇ ಸಾಧನ. ಸ್ವೀಡನ್ನಿನಲ್ಲಿ ಸುಮಾರು 80 ಸಾವಿರ ಹೆಂಗಸರ ಮ್ಯಾಮೊಗ್ರಾಂ ಪರೀಕ್ಷೆಯಲ್ಲಿ ಎಐ ಸಹಾಯದಿಂದ ಡಾಕ್ಟರುಗಳು ಚಿತ್ರ ಓದುವ ಕೆಲಸ 44 ಪರ್ಸೆಂಟ್ ಕಮ್ಮಿಯಾಯಿತು ಅಂತ 2023ರಲ್ಲಿ ವರದಿ ಬಂತು. ಅಲ್ಲಿಯೂ ಚಿತ್ರದ ಮುಂದೆ ಡಾಕ್ಟರು ಕೂತಿದ್ದರು.

ಮನಸ್ಸು ತೀರಾ ಕುಸಿದಿದೆ. ಅದಕ್ಕೂ ಫೋನಿದೆಯಾ?

ಇದೆ. 14416, ಟೆಲಿ ಮಾನಸ್. 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ರೋಗಿಗೆ ಮಾತ್ರ ಅಂತಲ್ಲ, ನೋಡಿಕೊಳ್ಳುವವರಿಗೂ. ನಾನು ಒಂದು ಸಲ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮಾತಾಡಿದ್ದೆ.

ಇನ್ನು ಚಿಕಿತ್ಸೆ ಬೇಡ, ಮನೆಯಲ್ಲಿ ನೋಡಿಕೊಳ್ಳಿ ಅಂದಿದ್ದಾರೆ. ಈಗ ಫೋನಿನಿಂದ ಏನು ಉಪಯೋಗ?

ಈಗಲೇ ಜಾಸ್ತಿ. ನೋವು ಕಮ್ಮಿ ಮಾಡುವ ಆರೈಕೆಗೆ ಪ್ಯಾಲಿಯೇಟಿವ್ ಕೇರ್ ಅಂತಾರೆ. ಸುಸ್ತಾದ ರೋಗಿಯನ್ನು ಬಸ್ಸಿನಲ್ಲಿ ಕೂರಿಸಿ ಕರೆದೊಯ್ಯುವುದಕ್ಕಿಂತ ವಾರಕ್ಕೊಂದು ಕಾಲ್ ಎಷ್ಟೋ ಮೇಲು. ಹಾಸಿಗೆ ಹುಣ್ಣು ತೋರಿಸಬಹುದು, ಮಗ್ಗುಲು ಹೇಗೆ ಬದಲಿಸಬೇಕು ಅಂತ ಸಿಸ್ಟರ್ ನೋಡುತ್ತಾ ಹೇಳಿಕೊಡಬಹುದು. ಉಸಿರು ಗೊರಗೊರ ಅಂದರೆ ಏನು ಮಾಡಬೇಕು, ಊಟ ಬೇಡ ಅಂದರೆ ಒತ್ತಾಯ ಮಾಡಬೇಕಾ, ಇವನ್ನೆಲ್ಲ ಮೊದಲೇ ಕೇಳಿಟ್ಟುಕೊಳ್ಳಬಹುದು. ಬೆಂಗಳೂರಿನಲ್ಲಿರುವವರಿಗೆ ಕರುಣಾಶ್ರಯದಂಥ ಉಚಿತ ಆರೈಕೆ ಮನೆಯೂ ಇದೆ.

ಆಯಿಯ ಕೊನೆಯ ಕಾಲ್ ನಾಲ್ಕು ನಿಮಿಷದ್ದು. ಡಾಕ್ಟರು ಮಾತ್ರೆಗಳ ಪಟ್ಟಿ ನೋಡಿ ಒಂಬತ್ತರಲ್ಲಿ ಆರು ನಿಲ್ಲಿಸಿದರು. ಆಮೇಲೆ ‘ಏನು ತಿನ್ನಬೇಕು ಅನ್ನಿಸ್ತದೆ ಅಮ್ಮಾ?’ ಅಂತ ಕೇಳಿದರು. ಆಯಿ ಅಪ್ಪೆಮಿಡಿ ಅಂದಳು. ಬಾಯಿಹುಣ್ಣು ಅಂತ ನಾವು ಒಂದು ವರ್ಷದಿಂದ ಭರಣಿ ಮುಟ್ಟಲು ಬಿಟ್ಟಿರಲಿಲ್ಲ. ‘ಕೊಡಿ’ ಅಂದರು ಡಾಕ್ಟರು.